ಕ್ಷೌರದಂಗಡಿಯ ಚುಕ್ಕೆ

ಪೇಂಟಿಗೆ ಬೆರೆಸುವ ಥಿನ್ನರ್ ವಾಸನೆ ಬಂದರೆ ನನಗೆ ಈಗಲೂ ಲ್ಯಾನ್ಸಿಯ ನೆನಪಾಗುತ್ತದೆ, ಜೊತೆಗೆ ಹೊಟ್ಟೆಯುರಿಯೂ. ಮೊನ್ನೆ ದುಬೈಯ ಅಲ್ ಕೂಜ್‌ನಲ್ಲಿ ಮಿನಿಬಸ್ಸಿನಿಂದ ಇಳಿದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಲ್ಯಾನ್ಸಿ ಈಗ ದೊಡ್ಡ ಹೆಸರಿನ ಚಿತ್ರಕಾರ. ಅವನು ಇಲ್ಲಿ ಬಾಳಿ ಬದುಕಿದ ಜಾಗಗಳನ್ನು ತೋರಿಸುವ ಒಂದು ದಿನದ ಪ್ರವಾಸ ಅದು. ಟಿಕೆಟ್ ಕೊಡಿಸಿದವಳು ನನ್ನ ಮಗಳು. "ಅಪ್ಪಾ, ಹಿ ವಾಸ್ ಯುವರ್ ರೂಮ್‌ಮೇಟ್! ಸೋ ಕೂಲ್!" ಎಂದಳು. ಕೂಲ್ ಅಂತೆ, ಕೂಲ್!

ನೀವೇ ಹೇಳಿ, ಜೊತೆಗೆ ಕೂತು ಬೋರ್ಡು ಬರೆದವನ ಹೆಜ್ಜೆಗುರುತು ನೋಡಲು ಬಸ್ಸು ಹತ್ತುವುದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಆದರೂ ಹತ್ತಿದೆ, ಕಿಟಕಿ ಸೀಟನ್ನೇ ಹಿಡಿದೆ. ಬೆಳಿಗ್ಗೆ ಊದ್ ಮೇಥಾದ ಹಾಲ್‌ನಲ್ಲಿ ನಾಟಕವೊಂದಕ್ಕೆ ಅವನು ಬರೆದ ಪರದೆ ತೋರಿಸಿದರು. ಅದರಲ್ಲಿದ್ದ ಹಸು ನಾಯಿಯಂತಿತ್ತು; ಎಲ್ಲರೂ ಆಹಾ ಎಂದರು. ಆಗ ನಾವಿಬ್ಬರೂ ದುಡಿಯುತ್ತಿದ್ದ ವರ್ಕ್‌ಶಾಪಿನಲ್ಲಿ ಅವನ ಗೆರೆ ಸೊಟ್ಟ, ನನ್ನದು ನೇರ. "ನಿನ್ನದು ಕೈ ಅಲ್ಲ ಮಾರಾಯಾ, ಸ್ಕೇಲ್ ಅದು," ಅನ್ನುತ್ತಿದ್ದ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಅಲ್ ಕೂಜ್‌ನಲ್ಲಿ ನಮ್ಮನ್ನು ನಿಲ್ಲಿಸಿದ್ದು ಲೇಬರ್ ಕ್ಯಾಂಪಿನ ಒಳಗೆ, ಮಲಯಾಳಿಯೊಬ್ಬನ ಕ್ಷೌರದಂಗಡಿಯ ಮುಂದೆ. ಗೈಡ್ ಶ್ರೇಯಾ, ಮೈಸೂರಿನ ಹುಡುಗಿ, ಮೇಲಿನ ಹಳೇ ಅರಬ್ಬಿ ಬೋರ್ಡಿಗೆ ಕೈ ತೋರಿಸಿದಳು.

"ಇದು ಅವರ ಮೊದಲ ಕೃತಿ. ಹಲ್ಲಾಕ್ ಅಂದ್ರೆ ಕ್ಷೌರಿಕ. ಆದ್ರೆ ನೋಡಿ, ಮೊದಲನೇ ಅಕ್ಷರದ ಮೇಲೆ ಒಂದು ಚುಕ್ಕೆ ಇಟ್ಟಿದ್ದಾರೆ. ಆಗ ಅದು ಖಲ್ಲಾಕ್ ಆಗತ್ತೆ. ಸೃಷ್ಟಿಸುವವನು! ಒಬ್ಬ ಬಾರ್ಬರ್‌ನನ್ನ ಕ್ರಿಯೇಟರ್ ಅಂತ ಕರೆದಿದ್ದಾರೆ!"

ಫೋನುಗಳು ಮೇಲೆದ್ದವು. ಬಸ್ಸಿನಲ್ಲಿ ನನ್ನ ಮುಂದೆ ಕೂತಿದ್ದ ಮಂಗಳೂರಿನ ನರ್ಸ್ ಒಬ್ಬರಿಗೆ ಕಣ್ಣೇ ತುಂಬಿಬಂತು.

ಆ ಬೋರ್ಡು ನನ್ನದು! ಆ ವಾರ ಲ್ಯಾನ್ಸಿ ಜ್ವರ ಬಂದು ಮಲಗಿದ್ದ. ಅರಬ್ಬಿ ನಮಗಿಬ್ಬರಿಗೂ ಬರುತ್ತಿರಲಿಲ್ಲ. ಗಿರಾಕಿ ಕೊಟ್ಟ ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೇ ದೊಡ್ಡದು ಮಾಡಿ ಬರೆಯುವುದಷ್ಟೇ ನಮ್ಮ ಕೆಲಸ. ಜೀವಮಾನದಲ್ಲಿ ಕಲಾವಿದ ಅನ್ನಿಸಿಕೊಳ್ಳುವ ಒಂದೇ ಒಂದು ಅವಕಾಶ, ಅದೂ ಅವನ ಪಾಲಾಗುವುದೇ?

"ಅದನ್ನು ಬರೆದದ್ದು ನಾನು," ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು.

ಅಂಗಡಿಯ ಮುದುಕ ಕತ್ತರಿ ಹಿಡಿದುಕೊಂಡೇ ಇಣುಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಂ ಹಾಂ, ಯೇ ಹೀ ಆದ್ಮೀ," ಎಂದು ಹಿಂದಿಯಲ್ಲಿ ಸಾಕ್ಷಿ ಹೇಳಿದ. ಎಲ್ಲರೂ ನನ್ನತ್ತ ತಿರುಗಿದರು. ಅಬ್ಬಾ, ಎಂಥ ಸುಖ ಅದು!

"ವಾವ್ ಅಂಕಲ್! ಆ ಚುಕ್ಕೆ ಹೇಗೆ ಹೊಳೀತು ನಿಮಗೆ?" ಶ್ರೇಯಾ ಕೇಳಿದಳು.

ಏನಾದರೊಂದು ಹೇಳಬಹುದಿತ್ತು. ಲ್ಯಾನ್ಸಿಯಾಗಿದ್ದರೆ ಹೇಳುತ್ತಿದ್ದ. ನಾನು ದಡ್ಡ ಶಿಖಾಮಣಿ.

"ಚೀಟಿ ಮೇಲೆ ಚಾ ಬಿದ್ದಿತ್ತು," ಎಂದೆ. "ಅದನ್ನೂ ಬರೆದೆ."

ಎಲ್ಲರೂ ಗೊಳ್ಳೆಂದು ನಕ್ಕರು. ಶ್ರೇಯಾ ಮಾತ್ರ ನಗಲಿಲ್ಲ. "ಯಲ್ಲಾ, ಹೊರಡೋಣ, ಮುಂದೆ ಖಲೀಫಾ ಸಿಟಿ," ಎಂದು ನಮ್ಮನ್ನು ಬಸ್ಸು ಹತ್ತಿಸಿದಳು. ಮುಂದಿನ ಸೀಟಿನ ನರ್ಸ್ ಫೋನು ತೆರೆದು, ಬೋರ್ಡಿನ ಫೋಟೊ ಹುಡುಕಿ ಅಳಿಸಿದ್ದು ನನಗೆ ಕಾಣಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಬೋರ್ಡು ಅವರ ಮನೆಯವರೆಗಾದರೂ ಹೋಗಿರುತ್ತಿತ್ತು.