ಮುಹೂರ್ತಕ್ಕೆ ಮುಟ್ಟದ ಚೌಕಟ್ಟು

ಹಳಿಯಾಳದ ನಮ್ಮ ಮನೆಯ ಮಾತು ಉರ್ದು, ಗೋಡೆಯ ಮೇಲೆ ಮಾತ್ರ ಪಂಚಾಂಗದ ಕ್ಯಾಲೆಂಡರು. ಅಬ್ಬಾ ತಲೆಬಾಗಿಲ ಚೌಕಟ್ಟು ಮಾಡುವವರು. ಊರವರ ಮುಹೂರ್ತವೇ ನಮ್ಮ ಹೊಟ್ಟೆಪಾಡು. ಒಬ್ಬರ ಚೌಕಟ್ಟು ಇನ್ನೊಬ್ಬರಿಗೆ ಆಗದು. ಯಜಮಾನನ ನಕ್ಷತ್ರಕ್ಕೆ ಹೊಂದುವ ಆಯ ನೋಡಿಸಿ ಅಳತೆ ತರುತ್ತಿದ್ದರು, ಬೆರಳಗಲ ಹೆಚ್ಚುಕಡಿಮೆಯಾದರೂ ಒಪ್ಪರು. ಹಾಗಾಗಿ ಮೊದಲೇ ಮಾಡಿಟ್ಟುಕೊಳ್ಳುವ ಮಾತೇ ಇಲ್ಲ. ಮೇಲಾಗಿ ಎಲ್ಲರಿಗೂ ಆಷಾಢಕ್ಕೆ ಮುಂಚೆ ಬೇಕು, ಅದೂ ಒಂದೇ ದಿನ. ಹಳ್ಳಿಹಳ್ಳಿಗಳಲ್ಲಿ ಹೊಸ ಮನೆ ಏಳತೊಡಗಿದ ಮೇಲೆ ಅಬ್ಬಾಗೆ ಉಸಿರಾಡಲೂ ಪುರಸೊತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಗಿರಾಕಿಗೊಂದು ಬಗೆಯ ಮಾಲು ಮಾಡುವ ಕಾರ್ಖಾನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಓಡಿಸಿ ನೋಡುವುದು ನನ್ನ ಪ್ರಾಜೆಕ್ಟು. ಬೇರೆ ಕಾರ್ಖಾನೆ ಏಕೆ ಹುಡುಕಲಿ? ನಮ್ಮದನ್ನೇ ಕಟ್ಟಿದೆ. ಪರದೆಯ ಮೇಲಿನ ಒಂದೊಂದು ಚುಕ್ಕೆಯೂ ಒಂದು ಚೌಕಟ್ಟು. ಅದು ಗರಗಸ, ಮರ ನಯಮಾಡುವ ರಂದಾ ಮಷಿನ್ ದಾಟಿ ಕೆತ್ತನೆಗೆ ಹೋಗಬೇಕು. ಮುಹೂರ್ತ ಹತ್ತಿರವಾದಂತೆ ಚುಕ್ಕೆಗಳೆಲ್ಲ ಜೊಯಿಡಾ ಬಸ್ಸಿನ ಬಾಗಿಲಿಗೆ ಜನ ಮುತ್ತಿದಂತೆ ರಂದಾ ಮಷಿನ್ನಿಗೆ ಮುತ್ತುತ್ತಿದ್ದವು. ಮಷಿನ್ನಿನ ಜಾಗ ಬದಲಿಸಿದೆ, ಸರದಿ ಬದಲಿಸಿದೆ. ಯಾವುದೋ ಒಂದು ಮನೆಯದು ಉಳಿದೇ ಉಳಿಯುತ್ತಿತ್ತು. ಇದ್ದ ದಾರಿ ಒಂದೇ, ಕೆಲವರಿಗೆ ಇಲ್ಲ ಅನ್ನುವುದು.

ಅಬ್ಬಾ ಸುತರಾಂ ಒಪ್ಪಲಿಲ್ಲ. ವ್ಯಾಪಾರದ ಮಾತನ್ನು ಅವರು ನನ್ನ ಜೊತೆಗೂ ಕನ್ನಡದಲ್ಲೇ ಆಡುತ್ತಿದ್ದರು.

“ಮನಿ ಕಟ್ಟಾವ್ರಿಗೆ ಬಾಯಿಬಿಟ್ಟು ಇಲ್ಲ ಅಂತ ಹೆಂಗ ಹೇಳ್ಲಿ ಬೇಟಿ? ಅವ್ರಿಗೆ ಅಪಶಕುನ ಆಗ್ತೈತಿ.”

ಆ ವರ್ಷ ಉಳಿದದ್ದು ನಮ್ಮ ಕಡೆಯದೇ ಹಳ್ಳಿ ಇಂದೂರಿನ ಮನೆಯೊಂದರದು. ಟೆಂಪೋದಲ್ಲಿ ಚೌಕಟ್ಟು ಹೇರಿಕೊಂಡು ನಾನೂ ಅಬ್ಬಾ ಮುಟ್ಟುವಷ್ಟರಲ್ಲಿ ಮುಹೂರ್ತ ಮೀರಿತ್ತು. ಮನೆಯೊಡತಿ ಆರತಿ ತಟ್ಟೆ ಹಿಡಿದುಕೊಂಡೇ ಅಳುತ್ತಿದ್ದಳು. “ವಾಪಸ್ ಒಯ್ರಿ ಸಾಹೇಬ್ರ, ಇದು ಇನ್ನ ನಮ್ಮ ಮನಿಗೆ ಬ್ಯಾಡ” ಎಂದ ಯಜಮಾನ. ಬೈದಿದ್ದರೆ ಅಬ್ಬಾ ತಡೆದುಕೊಳ್ಳುತ್ತಿದ್ದರೇನೋ. ಅವನು ಬೈಯಲಿಲ್ಲ. ಅವನ ಆಯಕ್ಕೆ ಕೊರೆದ ಸಾಗವಾನಿ ಜಗತ್ತಿನಲ್ಲಿ ಇನ್ಯಾರಿಗೂ ಬೇಡವಾದದ್ದು.

ಮುಹೂರ್ತ ತಪ್ಪಿಸುವ ಸಾಹೇಬ ಎಂಬ ಹೆಸರು ನಮಗಿಂತ ಮೊದಲೇ ಹಳಿಯಾಳ ಮುಟ್ಟಿತ್ತು. ಜನರ ಬಾಯಿಗೆ ಬೀಗ ಹಾಕಲಾದೀತೇ? ಮರುವರ್ಷ ಅಳತೆ ಹಿಡಿದು ಯಾರೂ ಬರಲಿಲ್ಲ. ಮಷಿನ್ನುಗಳು ಒಂದೊಂದಾಗಿ ಬೆಳಗಾವಿಗೆ ಮಾರಿಹೋದವು. ನನ್ನ ಪ್ರಾಜೆಕ್ಟಿಗೆ ಕಾಲೇಜಿನಲ್ಲಿ ಬಹುಮಾನ ಬಂದಿತ್ತು. ಅದನ್ನು ನೋಡಿದಾಗೆಲ್ಲ ನನಗೆ ಅಸಹ್ಯವಾಗುತ್ತಿತ್ತು.

ಖಾಲಿ ಷೆಡ್ಡಿನ ಮುಂದೆ ದಿನವಿಡೀ ಕೂತಿರುತ್ತಿದ್ದ ಅಬ್ಬಾ ಒಮ್ಮೆ ಕೇಳಿದರು: “ನಿನ್ನ ಕಂಪ್ಯೂಟರಿನ್ಯಾಗ ನಮ್ಮ ಕಾರ್ಖಾನೆ ಇನ್ನೂ ನಡದೈತೇನು?”

ಪೇಟೆಯ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದು ತೋರಿಸಿದೆ. ಗರಗಸ ಓಡಿತು, ಚುಕ್ಕೆಗಳು ಹೊರಟವು. ಎಷ್ಟೋ ತಿಂಗಳ ಮೇಲೆ ಅಬ್ಬಾ ನಕ್ಕರು. ಒಂದು ಚುಕ್ಕೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ಕೆತ್ತನೆಯವರೆಗೂ ಹೋದರು. ಅಷ್ಟರಲ್ಲಿ ರಂದಾ ಮಷಿನ್ನಿನ ಮುಂದೆ ಗುಂಪು ಬೆಳೆಯತೊಡಗಿತು. ಅಬ್ಬಾ ಪರದೆಗೆ ಅಂಗೈ ಅಡ್ಡ ಹಿಡಿದರು.

“ನಿಲ್ಲಸ್ ಬೇಟಿ, ನಿಲ್ಲಸ್. ಮತ್ತ ಯಾರದೋ ಮನಿ ಉಳಿತೈತಿ.”