ಮುರುಟು ಗಿಡ ಕೀಳುತ್ತಿದ್ದಾಕೆ

ಆಕೆಯ ಹತ್ತೂ ಬೆರಳುಗಳ ತುದಿ ಟೊಮೆಟೊ ಗಿಡದ ಕರೆ ಹಿಡಿದು ಕಪ್ಪು ಹಸಿರಾಗಿರುತ್ತಿತ್ತು. ಆದರೆ ಆಕೆಯಷ್ಟು ಕೈ ತೊಳೆಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊಲದ ಮೂಲೆಯ ಹೊಂಗೆ ಮರಕ್ಕೆ ಒಂದು ಡಬ್ಬ ಕಟ್ಟಿ ಅದರಲ್ಲಿ ಸೋಪಿನ ಚೂರು ಇಟ್ಟಿದ್ದಳು. ಕೆಳಗೆ ಒಂದು ಬಿಂದಿಗೆ ನೀರು. ಯಾರೇ ಬರಲಿ, ಕೈ ತೊಳೆಯದೆ ಗಿಡ ಮುಟ್ಟುವಂತಿರಲಿಲ್ಲ. ನನಗೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವ ಚಟ. ಒಂದು ದಿನ ಸುಮ್ಮನೆ ಆಕೆಯ ಗಿಡದ ಎಲೆ ಹಿಡಿದು ನೋಡಲು ಹೋದೆ.

"ಅಣ್ಣ, ಮುಟ್ಬ್ಯಾಡಿ. ಒಗೆಸೊಪ್ಪಿನ ನಂಜು ಕೈಯಿಂದ್ಲೇ ಗಿಡುಕ್ ಅಂಟ್ಕತ್ತದೆ. ತೊಳ್ಕೊಂಡು ಬನ್ನಿ" ಎಂದಳು.

ಆಕೆ ನಮ್ಮಪ್ಪನ ಕಾಲದಲ್ಲಿ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಆದರೂ ನನ್ನನ್ನು ಅಣ್ಣ ಎನ್ನುತ್ತಿದ್ದಳು. ನಾನು ಆಕೆಯನ್ನು ಏನೆಂದೂ ಕರೆಯುತ್ತಿರಲಿಲ್ಲ. ಕೆಲವು ವರ್ಷ ಬಿತ್ತನೆ ಬೀಜ ಬೆಳೆಸುವವರ ಹೊಲದಲ್ಲಿ ದುಡಿದು, ಅಲ್ಲಿ ಇದನ್ನೆಲ್ಲ ಕಲಿತು ಬಂದು, ಸುತ್ತೂರಿನ ಹಾದಿಯಲ್ಲಿ ನಮ್ಮ ಹೊಲಕ್ಕೆ ಅಂಟಿಕೊಂಡಂತೆ ದಿಣ್ಣೆಯ ಮೇಲಿದ್ದ ತನ್ನ ಮಾವನ ಅರ್ಧ ಎಕರೆಯಲ್ಲಿ ತರಕಾರಿ ಬೆಳೆಯತೊಡಗಿದಳು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಟೊಮೆಟೊ ಗಿಡದ ಎಲೆ ಮುದುರಿ, ಬೆಳವಣಿಗೆ ನಿಂತು, ಹೂವು ಉದುರುವ ಮುರುಟು ರೋಗ ನಮ್ಮ ಕಡೆ ವರ್ಷ ವರ್ಷವೂ ಬರುತ್ತದೆ. ನಾನು ಅಂಗಡಿಯವನು ಕೊಟ್ಟ ಬಾಟಲಿಗಳನ್ನೆಲ್ಲ ತಂದು ಹೊಡೆಯುತ್ತಿದ್ದೆ. ಆಕೆ ಬದುವಿನಾಚೆ ನಿಂತು ನೋಡಿ, "ಗಿಡುಕ್ ಬಂದ್ಮ್ಯಾಕೆ ಈ ಕಾಯ್ಲೆಗೆ ಔಸ್ತಿ ಇಲ್ಲ ಕಣಣ್ಣ. ಬರ್ದಂಗೆ ನೋಡ್ಕೋಬೇಕು ಅಷ್ಟೇಯ" ಎನ್ನುತ್ತಿದ್ದಳು. ಬರದಂತೆ ನೋಡಿಕೊಳ್ಳಲು ಆಕೆ ಪಡುತ್ತಿದ್ದ ಪಾಡು ನನಗೆ ನಗೆ ತರಿಸುತ್ತಿತ್ತು. ಸಸಿ ಪಾತಿಯ ಮೇಲೆ ಕಮಾನು ಬಗ್ಗಿಸಿ ನೈಲಾನ್ ಪರದೆ ಕಟ್ಟುವಳು. ನಾಟಿಗೆ ಮೊದಲೇ ಹೊಲದ ಸುತ್ತ ಮೂರು ಸಾಲು ಮುಸುಕಿನ ಜೋಳ ಬಿತ್ತಿ ಬೇಲಿಯಂತೆ ಎಬ್ಬಿಸುವಳು. ತಗಡಿನ ತುಂಡುಗಳಿಗೆ ಹಳದಿ ಬಣ್ಣ ಬಳಿದು, ಹರಳೆಣ್ಣೆ ಸವರಿ ಗೂಟಕ್ಕೆ ಸಿಕ್ಕಿಸುವಳು. ರೋಗ ಹರಡುವ ಬಿಳಿ ನೊಣ ಹಳದಿಗೆ ಮರುಳಾಗಿ ಬಂದು ಅಂಟಿಕೊಳ್ಳುತ್ತಿದ್ದವು. ದಿನಾ ಬೆಳಗ್ಗೆ ಒಂದೊಂದು ಸಾಲೂ ನಡೆದು, ಎಲೆ ಮುದುರಿದ ಗಿಡ ಕಂಡರೆ ಬುಡಸಮೇತ ಕಿತ್ತು ಚೀಲಕ್ಕೆ ಹಾಕಿಕೊಂಡು ದೂರ ಒಯ್ದು ಸುಡುವಳು.

ನನ್ನ ಹೊಲ ಮುದುರುತ್ತಿತ್ತು, ಆಕೆಯದು ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತಿತ್ತು. ನರಸೀಪುರದ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ನನ್ನ ಕ್ರೇಟು ದಾಟಿಕೊಂಡು ಹೋಗಿ ಆಕೆಯದಕ್ಕೆ ಕೈ ಹಾಕುವರು. ನನ್ನ ಹೆಂಡತಿಯೂ ಸಾರಿಗೆ ಹಣ್ಣು ಆಕೆಯ ಹತ್ತಿರವೇ ತರುವಳು. ಒಮ್ಮೆ ತೋಟಗಾರಿಕೆ ಅಧಿಕಾರಿಯೊಬ್ಬರು ಇಪ್ಪತ್ತು ಮೂವತ್ತು ರೈತರನ್ನು ಕರೆತಂದು ಆಕೆಯ ಹೊಲ ತೋರಿಸಿದರು. ಬೈಕುಗಳೆಲ್ಲ ನನ್ನ ಹೊಲದ ದಾರಿಯಲ್ಲೇ ನಿಂತಿದ್ದವು. ತಡೆಯಲಾರದೆ ನಾನೂ ಹೋಗಿ, "ಎಲ್ಲ ನಮ್ಮ ಒಲ್ದಲ್ಲಿ ಕಲ್ತಿದ್ದು ಸಾ" ಎಂದೆ.

ಆಕೆ ತಲೆ ಎತ್ತದೆ, "ಊಂ ಸಾ, ಯಾವ್ದು ಮಾಡ್ಬಾರ್ದು ಅನ್ನೋದ್ನ ಅಲ್ಲೇ ಕಲ್ತಿದ್ದು" ಎಂದಳು. ಎಲ್ಲರೂ ನಕ್ಕರು. ಆ ನಗು ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಮರುವರ್ಷ ಬೇಸಗೆಯಲ್ಲಿ ನನ್ನ ಟೊಮೆಟೊ ಪೂರ್ತಿ ಮುರುಟಿತು. ನೀರು ಬಿಡುವುದನ್ನೂ ನಿಲ್ಲಿಸಿಬಿಟ್ಟೆ. ಆಗಷ್ಟೇ ಆಕೆ ನಾಟಿ ಮಾಡಿದ್ದಳು. ಜೋಳ ಇನ್ನೂ ಮೊಣಕಾಲೆತ್ತರ. ಬದುವಿನ ಹತ್ತಿರ ಬಂದು ನಿಂತಳು.

"ಅಣ್ಣ, ಆ ಗಿಡ ಕಿತ್ತಾಕ್ಬುಡಿ. ಅವು ಒಣುಗ್ದಂಗೆಲ್ಲ ನೊಣ ಎಲ್ಲಾ ನನ್ ಕಡೀಕೇ ಬತ್ತವೆ."

"ಇನ್ನೂ ಎರಡು ಸಲ ಬಿಡಿಸೋಷ್ಟು ಕಾಯಿ ಅದೆ" ಎಂದೆ. ಒಂದು ಕಾಯಿಯೂ ಇರಲಿಲ್ಲ.

"ಕೂಲಿ ಬ್ಯಾಡ, ನಾನೇ ಬಂದು ಕೀಳ್ತೀನಿ."

"ನನ್ನೊಲ, ನನ್ನಿಷ್ಟ."

ಆಕೆ ತಿರುಗಿ ತನ್ನ ಸಾಲಿಗೆ ಹೋದಳು. ಅಂದಿನಿಂದ ನಾನು ದಿನಾ ಬೆಳಗ್ಗೆ ಬದುವಿನ ಮೇಲೆ ನಿಂತು, ನನ್ನ ಗಿಡ ಬಿಟ್ಟು ಆಕೆಯ ಗಿಡ ನೋಡತೊಡಗಿದೆ. ಎರಡು ವಾರ ಕಳೆಯುವಷ್ಟರಲ್ಲಿ ಬದುವಿನ ಪಕ್ಕದ ಸಾಲಿನಲ್ಲಿ ಸುಳಿ ಮುದುರಿತು. ಅವತ್ತು ಮಧ್ಯಾಹ್ನ ಒಂದು ಮುದ್ದೆ ಹೆಚ್ಚಿಗೆ ಉಂಡೆ. "ಏನ್ಸಮಾಚಾರ, ಇವತ್ತು ಬಾಳ ಗೆಲುವಾಗಿದ್ದೀರ?" ಎಂದು ಹೆಂಡತಿ ಕೇಳಿದಳು. ಏನಿಲ್ಲ ಎಂದೆ.

ಆಕೆ ಆ ವಾರವೆಲ್ಲ ಕೀಳುತ್ತಲೇ ಇದ್ದಳು. ಹೊಲದ ಮೂರರಲ್ಲೊಂದು ಪಾಲು ಬರಿದಾಯಿತು. ಬೈಯಲಿಲ್ಲ, ಯಾರ ಹತ್ತಿರವೂ ದೂರಲಿಲ್ಲ. ಕೊನೆಯ ದಿನ ತುಂಬಿದ ಚೀಲ ಹೊತ್ತು ನನ್ನ ಮುಂದೆ ಹಾದುಹೋಗುವಾಗ ನಿಂತಳು. "ಕಾಯಿ ಬಿಡಿಸ್ಕಂಡ್ರಾ ಅಣ್ಣ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ನಡೆದಳು.

ಆಮೇಲೆ ಸುಮಾರು ಒಂದು ವರ್ಷ ನಮ್ಮ ನಡುವೆ ಮಾತಿರಲಿಲ್ಲ. ಮುಂದಿನ ನಾಟಿಯ ಹೊತ್ತಿಗೆ, ನಾನು ಸಸಿ ಪಾತಿಗೆ ನೀರು ಚಿಮುಕಿಸುತ್ತಿದ್ದಾಗ, ಆಕೆ ಮಡಿಸಿದ ಹಳೆಯ ಪರದೆಯೊಂದನ್ನು ತಂದು ನನ್ನ ಮುಂದೆ ಹಾಕಿದಳು.

"ಇದುನ್ ಕಟ್ಟಿ. ನಿಮ್ ಮ್ಯಾಲಿನ್ ಪ್ರೀತಿಗಲ್ಲ. ನಿಮ್ಮೊಲ ನೆಟ್ಟುಗಿದ್ರೇನೇ ನನ್ನೊಲ ಉಳಿಯಾದು."

ನನಗೆ ಗಂಟು ಹಾಕಲು ಬರದ್ದನ್ನು ನೋಡಿ ತಾನೇ ಕೂತು ಕಟ್ಟಿದಳು. ಅಂಚಿಗೆ ಮಣ್ಣು ಒತ್ತಿ ಸಂದು ಮುಚ್ಚಿದಳು. ಆ ವರ್ಷ ನನ್ನ ಟೊಮೆಟೊ ಉಳಿಯಿತು. ಆಗಲಾದರೂ ನನಗೆ ಸಂತೋಷವಾಗಬೇಕಿತ್ತು. ಜನ "ಆಯಮ್ಮ ಯೋಳ್ಕೊಟ್ಟಂಗ್ ಮಾಡವ್ನೆ" ಎಂದದ್ದು ಕೇಳಿ ಮತ್ತೆ ಉರಿದೆ. ಆಕೆ ಹೇಳಿದ್ದನ್ನೆಲ್ಲ ಮಾಡಿದೆ, ಒಂದು ಸಲವೂ ಆಕೆಯೆದುರು ಹೌದು ಎನ್ನಲಿಲ್ಲ. ಆ ಬೇಸಗೆಯ ವಿಷಯವನ್ನಂತೂ ಎತ್ತಲೇ ಇಲ್ಲ.

ಹೋದ ವರ್ಷ ಜ್ವರವೆಂದು ಮೈಸೂರಿನ ಆಸ್ಪತ್ರೆಗೆ ಹೋದವಳು ಜೀವಂತವಾಗಿ ಬರಲಿಲ್ಲ. ಮಣ್ಣಿಗೆ ತಗಡೂರು, ನರಸೀಪುರದ ಕಡೆಯಿಂದೆಲ್ಲ ಜನ ಬಂದಿದ್ದರು. ನಾಚಿಕೆಯಿಲ್ಲದೆ ಬರೆಯುತ್ತೇನೆ, ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ ಎಂದು ಅಲ್ಲೂ ಲೆಕ್ಕ ಹಾಕಿದೆ.

ತಿಥಿಯಾದ ಮೇಲೆ ಮನೆಯವರನ್ನು ಮಾತಾಡಿಸಲು ಹೋದೆ. ನಂಜನಗೂಡಿನಲ್ಲಿ ಕೆಲಸದಲ್ಲಿರುವ ಆಕೆಯ ಮಗಳು ಕುರ್ಚಿ ಹಾಕಿ ಕೂರಿಸಿದಳು. ಆ ಬೇಸಗೆ ಬೇಕೆಂದೇ ಗಿಡ ಕೀಳದೆ ಬಿಟ್ಟದ್ದನ್ನು ಹೇಳಿಬಿಡೋಣವೆಂದೇ ಹೋಗಿದ್ದೆ, ಆದರೆ ಮಳೆ ಬೆಳೆಯ ಮಾತಾಡಿದೆ. ಕೊನೆಗೆ ಮಗಳೇ ಅವ್ವನ ಮಾತು ತೆಗೆದಳು.

"ಒಂದ್ಮಾತ್ ಯೋಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ನಮ್ಮವ್ವಂಗೆ ನಿಮ್ ಕಂಡ್ರೆ ಒಟ್ಟೆಕಿಚ್ಚು."

"ನನ್ ಕಂಡ್ರಾ?"

"ಊಂ. ನಿಮ್ ಎರೆಮಣ್ಣು, ಕಾಲುವೆ ನೀರು ನೋಡಿ ನೋಡಿ ಉರ್ಕೊಳ್ಳೋಳು. ಇಂಥಾ ಬೂಮಿ ನನ್ ಕೈಗ್ ಸಿಕ್ಕಿದ್ರೆ ಅಂತ ದಿನಾ ಅನ್ನೋಳು. ನಮ್ದು ಬರೀ ಗರಸು ಮಣ್ಣಲ್ವಾ?"

ಅಪ್ಪನಿಂದ ಬಂದ ಆ ಕಪ್ಪು ಮಣ್ಣಿನ ಮೇಲೆ ನಿಂತೇ ನಾನು ಅಷ್ಟು ವರ್ಷ ಆಕೆಯ ಹೊಲ ನೋಡಿ ಕರುಬಿದ್ದೆ. ನನ್ನಲ್ಲೂ ಕರುಬುವಂಥದ್ದು ಇದೆಯೆಂದು ಒಂದು ದಿನವೂ ಹೊಳೆದಿರಲಿಲ್ಲ. ಕೇಳಿದ ಕೂಡಲೇ ಮೊದಲು ಹಿಗ್ಗಾಯಿತು. ದಾರಿಯಲ್ಲಿ ನಡೆದು ಬರುವಾಗ ಆ ಹಿಗ್ಗು ಇಳಿಯಿತು. ಅದೇ ಉರಿ ಆಕೆಗೂ ಇತ್ತು. ಅದನ್ನು ಒಳಗಿಟ್ಟುಕೊಂಡೇ ಆಕೆ ನನ್ನ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ನೊಣವೂ ನುಸುಳದಂತೆ ಗಂಟು ಬಿಗಿದಿದ್ದಳು.