ಎಲ್ಲ ಓಣಿಗೂ ಒಂದೇ ಮಾತು

ಬೆಳ್ಳಿಚುಕ್ಕಿ ಇನ್ನೂ ಮಾಸಿಲ್ಲ. ಮಸಗುಪ್ಪಿಯ ಊರ ಹೊರಗಿನ ಕೇರಿಯಲ್ಲಿ ಯಲ್ಲಾರಿ ಗುಡಿಸಲ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತೊಗರಿಕಟ್ಟಿಗೆಯ ಉರಿಗೆ ಹಲಗೆ ಹಿಡಿದಿದ್ದಾನೆ. ರಾತ್ರಿಯ ತಂಪಿಗೆ ಸಡಿಲಾದ ಚರ್ಮ ಶಾಖಕ್ಕೆ ಬಿಗಿಯಬೇಕು. ಬೆರಳಿನಿಂದ ಒಮ್ಮೆ ತಟ್ಟಿ ಕಿವಿಗೊಡುತ್ತಾನೆ, ಒಪ್ಪಿಗೆಯಾಗುವುದಿಲ್ಲ. ಮತ್ತೆ ಉರಿಗೆ ಹಿಡಿಯುತ್ತಾನೆ, ಮತ್ತೆ ತಟ್ಟುತ್ತಾನೆ. ಈ ಸಲ ದನಿ ಹೊಳೆಯ ಆಚೆ ದಂಡೆ ಮುಟ್ಟಿ ತಿರುಗಿ ಬರುತ್ತದೆ.

“ಈಗ ಬಾಯಿ ಬಿಟ್ತು ನೋಡ್ರಿ. ಇದಕ್ಕ ಉರಿ ತೋರಿಸಬೇಕು, ನನಗ ಒಂದ ತುಣುಕ ಒಣಶುಂಠಿ. ಮುಂಜಾನಿ ಇಬ್ಬರದೂ ಗಂಟಲ ಕಟ್ಟಿರತೈತಿ.”

ಊರಿಗೆ ಏನು ತಿಳಿಯಬೇಕಾದರೂ ಯಲ್ಲಾರಿಯ ಬಾಯಿಂದಲೇ ತಿಳಿಯಬೇಕು. ಸರಕಾರಕ್ಕೆ ಕಂದಾಯದ ಪಟ್ಟಿ ಕಟ್ಟುವ ದಿನ, ಕಾಲುವೆಗೆ ನೀರು ಬಿಡುವ ದಿನ, ಯಾರದೋ ಎಮ್ಮೆ ತಪ್ಪಿಸಿಕೊಂಡ ಸುದ್ದಿ. ಅವನ ಅಪ್ಪನೂ ಇದನ್ನೇ ಮಾಡಿದ, ಅಜ್ಜನೂ ಇದನ್ನೇ ಮಾಡಿದ. ಸುಗ್ಗಿಯಲ್ಲಿ ರಾಶಿ ಅಳೆದಾದ ಮೇಲೆ ಕಣದ ಅಂಚಿನಲ್ಲಿ ಉಳಿದ ಜೋಳ ಅವನ ಪಾಲು. ಮೇಲಿನ ಓಣಿಗಳಿಗೆ ಕಾಲಿಡುವ ಮುಂಚೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಾನೆ. ಯಾರ ಕಟ್ಟೆಯನ್ನೂ ಏರುವುದಿಲ್ಲ. ದನಿ ಮಾತ್ರ ಕೇಳದೆಯೇ ಎಲ್ಲರ ಪಡಸಾಲೆಗೂ ಹೋಗುತ್ತದೆ.

ಈ ಕಸುಬಿಗೆ ಅಪ್ಪ ಹೇಳಿಕೊಟ್ಟ ಕಟ್ಟಳೆ ಒಂದೇ. ಮೊದಲ ಓಣಿಯಲ್ಲಿ ಸಾರಿದ ಮಾತನ್ನೇ ಕೊನೆಯ ಓಣಿಯಲ್ಲೂ ಸಾರಬೇಕು. ನಡುವೆ ಮಾತು ಬದಲಾದರೆ ಹಿಂದಕ್ಕೆ ಬಂದು, ಮೊದಲ ಓಣಿಯಿಂದಲೇ ಹೊಸದಾಗಿ ಶುರು ಮಾಡಬೇಕು.

“ಇಲ್ಲಂದ್ರ ಮ್ಯಾಲಿನ ಓಣ್ಯಾಗ ನೀರ ಇವತ್ತ ಅಂತಾರ, ಕೆಳಗಿನ ಓಣ್ಯಾಗ ನಾಳಿ ಅಂತಾರ. ಹೊಲದಾಗ ಸಲಿಕಿ ಸಲಿಕಿ ಬಡದಾಡತಾವ್ರಿ,” ಎಂದು ನಗುತ್ತಾನೆ.

ಮಹಾಯುದ್ಧ ಶುರುವಾದಾಗಿನಿಂದ ಅವನ ಹಲಗೆಗೆ ಇನ್ನೊಂದು ಬಗೆಯ ಸುದ್ದಿ ಬಂದು ಬೀಳುತ್ತಿದೆ: ಕೆಲಸದ ಸುದ್ದಿ. ರಸ್ತೆಗೆ ಆಳು ಬೇಕು, ಗಿರಣಿಗೆ ಆಳು ಬೇಕು, ದಂಡಿಗೆ ಆಳು ಬೇಕು. ಗೋಕಾಕದ ಹಾದಿಯಲ್ಲಿ ದಿನಕ್ಕೊಬ್ಬ ಹೊಸ ಮನುಷ್ಯ ಕೊಡೆ ಊರಿಕೊಂಡು ಬರುತ್ತಾನೆ. ಜೋಳ ತುಟ್ಟಿ, ಅರಿವೆ ಸಿಗದು. ಹಸಿದವನಿಗೆ ಬಂದವರೆಲ್ಲ ದೇವರು ಕಳಿಸಿದವರಂತೆಯೇ ಕಾಣುತ್ತಾರೆ. ಯಾರನ್ನು ಶಿವನು ಕಳಿಸಿದ, ಯಾರು ತಾವಾಗಿ ಬಂದರು, ಅದನ್ನು ಮುಖ ನೋಡಿ ಹೇಳುವ ಕಣ್ಣು ಊರಲ್ಲಿ ಯಾರಿಗೂ ಇಲ್ಲ.

ಹೋದ ವರ್ಷ ಒಬ್ಬ ಬಂದು ಬಂದರಿನಲ್ಲಿ ಮೂಟೆ ಹೊರುವ ಕೆಲಸವೆಂದ. ಯಲ್ಲಾರಿ ಸಾರಿ ಬಂದ. ಊರಿನ ಲಗಮಪ್ಪ ಮತ್ತು ಅವನ ಓರಗೆಯವರು ಆ ಮನುಷ್ಯನ ಹಿಂದೆ ಹೊಳೆಯ ತನಕ ಹೋದರು. ಅಲ್ಲಿ ಆತ, ಡಾಕ್ಟರು ಮೈ ಪರೀಕ್ಷೆ ಮಾಡುತ್ತಾರೆ, ಮೈಮೇಲೆ ಒಂದೆಳೆಯೂ ಇರಕೂಡದು, ಎಲ್ಲ ಕಳಚಿಟ್ಟು ಮುಳುಗಿ ಬನ್ನಿ ಎಂದ. ಬಟ್ಟೆ ಕಳಚಿದರು, ಬೆಳ್ಳಿಯ ಉಡದಾರವನ್ನೂ ಕಳಚಿದರು. ಮುಳುಗಿ ಎದ್ದಾಗ ದಂಡೆಯ ಮೇಲೆ ಡಾಕ್ಟರೂ ಇಲ್ಲ, ಬಟ್ಟೆಯೂ ಇಲ್ಲ, ಬೆಳ್ಳಿಯೂ ಇಲ್ಲ. ಅಂಬಿಗ ಕೊಟ್ಟ ಗೋಣಿಚೀಲ ಸುತ್ತಿಕೊಂಡು ಊರಿಗೆ ಬಂದರು. ಹೆಂಗಸರು ಮೊದಲು ನಕ್ಕರು. ಆಮೇಲೆ ಬರಿದಾದ ನಡುವನ್ನು ಕಂಡು ಅತ್ತರು. ಈ ಕಡೆ ಗಂಡಸಿನ ಉಡದಾರ ಬಿಚ್ಚುವುದು ಹೆಣವಾದಾಗಲೇ.

“ಮಂದಿ ಅವಗ ಬೈಲಿಲ್ರಿ. ಅಂವ ಎಲ್ಲಿ ಸಿಗತಾನ? ನನಗ ಬೈದರು,” ಎನ್ನುತ್ತಾನೆ ಯಲ್ಲಾರಿ. “ಅವನ ಮಾರಿ ಯಾರಿಗೂ ನೆನಪಿಲ್ಲ. ನನ್ನ ದನಿ ಎಲ್ಲಾರಿಗೂ ನೆನಪೈತಿ.”

ಅಂದಿನಿಂದ ಅವನು ತನ್ನದೊಂದು ಕಟ್ಟಳೆ ಸೇರಿಸಿದ್ದಾನೆ. ಕೆಲಸದ ಸುದ್ದಿ ಸಾರಿಸುವವರು ಅವನ ಜೋಡಿ ಊರೆಲ್ಲ ನಡೆಯಬೇಕು. ಓಣಿ ಓಣಿಗೂ ಅವರ ಮುಖ ಕಾಣಬೇಕು, ಕೇಳುವವರು ಅವರನ್ನೇ ಕೇಳಬೇಕು. ಈ ಮಾತು ಕೇಳಿಯೇ ಎಷ್ಟೋ ಜನ ಬಂದ ಹಾದಿ ಹಿಡಿದಿದ್ದಾರೆ. ಊರು ಅದನ್ನು ಮೆಚ್ಚಿತ್ತು. ಯಲ್ಲಾರಿಗೂ ಮನಸ್ಸು ನಿಶ್ಚಿಂತವಾಗಿತ್ತು.

ಆ ನಿಶ್ಚಿಂತೆ ಕೆಟ್ಟದ್ದು ಹೋದ ಅಮಾವಾಸ್ಯೆ ಕಳೆದ ಮೇಲೆ. ಹುಕ್ಕೇರಿಯ ಕಡೆಯಿಂದ ಆಳು ಕೂಡಿಸುವ ಒಬ್ಬ ಮುಕಾದಮ ಬಂದ. ಗಂಟುಮುಖದವನು. “ರಸ್ತೆಕ್ಕ ಕಲ್ಲ ಒಡಿಯೂ ಕೆಲಸ. ಬಿಸಲೈತಿ. ಬುತ್ತಿ ನಿಮ್ಮದು. ಶನಿವಾರಕ್ಕೊಮ್ಮೆ ಪಗಾರ. ಇಷ್ಟ ಸಾರು,” ಎಂದ. ಯಲ್ಲಾರಿ ತನ್ನ ಕಟ್ಟಳೆ ಹೇಳಿದ. ಮುಕಾದಮ ಅವನ ಹಲಗೆ ನೋಡಿದ, ಅವನ ಬರಿಗಾಲು ನೋಡಿದ. “ನಿನ್ನ ಜೋಡಿ? ನಾನು?” ಎಂದವನೇ ಮುಖ ತಿರುಗಿಸಿ ಹೋದ. ಊರಿಗೆ ಬಂದ ಕೇಡು ತಪ್ಪಿತೆಂದು ಯಲ್ಲಾರಿ ಆ ದಿನ ಸಮಾಧಾನದಿಂದ ರೊಟ್ಟಿ ತಿಂದ.

ಆದರೆ ಗೋಕಾಕದ ಸಂತೆಯಲ್ಲಿ ಅವನ ಅಳಿಯ ಉದ್ದಪ್ಪನಿಗೆ ಮೇಲವಂಕಿಯ ಮಾಳಪ್ಪ ಸಿಕ್ಕ. ಹೆಗಲ ಮೇಲೆ ಜೋಳದ ಚೀಲವಿತ್ತು. ಅದೇ ಮುಕಾದಮನ ಕೈಕೆಳಗೆ ಕಲ್ಲು ಒಡೆಯುತ್ತಿದ್ದಾನಂತೆ. “ಅವನ ನಾಲಿಗಿ ಬೇವು. ಪಗಾರ ಖರೆ,” ಎಂದನಂತೆ.

ಉದ್ದಪ್ಪನಿಗೆ ಹೊಲವಿಲ್ಲ. ಅವನ ಹೆಂಡತಿ, ಯಲ್ಲಾರಿಯ ಮಗಳು ಕರೆವ್ವ, ತುಂಬು ಬಸುರಿ. ಗಡಿಗೆಯ ತಳದಲ್ಲಿ ಜೋಳ ಕೈಗೆ ಹತ್ತದಷ್ಟು ಉಳಿದಿದೆ. ಸಂತೆಯಿಂದ ಬಂದವನು ಹೊಸ್ತಿಲಲ್ಲೇ ನಿಂತು ಮಾವನಿಗೆ ಅಂದ:

“ನಿನ್ನ ಹಲಗಿ ನನ್ನ ಹೊಟ್ಟಿ ಮ್ಯಾಲೆ ಬಡೀತು, ಮಾವಾ. ಅಂವ ಸುಳ್ಳ ಇದ್ದ ಅಂತ ಹೋಗಲಿಲ್ಲ. ನಿನ್ನ ಜೋಡಿ ನಡೀಬೇಕಾತು ಅಂತ ಹೋದ. ಮ್ಯಾಲಿನ ಓಣಿ ಗುರುಲಿಂಗಪ್ಪ ಸಾವಕಾರ್ರು ನಡೀತಾರೇನು ನಿನ್ನ ಜೋಡಿ? ಅವರೂ ಸುಳ್ಳ ಮನಷ್ಯಾರೇನು?”

ಆ ಮಾತು ನೆನೆದಾಗಲೆಲ್ಲ ಯಲ್ಲಾರಿ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಹೇಳುತ್ತಾನೆ: “ನಾ ಹುಟ್ಟಿದಾಗಿಂದ ಮಂದಿ ನನ್ನ ಕಂಡ್ರ ಬಾಜೂಕ ಸರದಽ ನಡದಾರ್ರಿ. ಅದರಾಗ ಕಳ್ಳ ಸರದದ್ದು ಯಾವದು, ಸಜ್ಜನ ಸರದದ್ದು ಯಾವದು? ನನಗ ಹೆಂಗ ತಿಳೀಬೇಕು?”

ಇಂದು ಬೆಳಿಗ್ಗೆ ಹಲಗೆ ಕಾಯಿಸುತ್ತಿರುವುದು ಇನ್ನೊಬ್ಬನ ಸಲುವಾಗಿ. ನಿನ್ನೆ ಸಂಜೆ ಊರಿಗೆ ಬಂದಿರುವ ಖಾಕಿ ಕೋಟಿನ ಮನುಷ್ಯ ಕೊಲ್ಲಾಪುರದ ಕಡೆ ಕಾರಖಾನೆ ಕಟ್ಟುವ ಕೆಲಸವೆನ್ನುತ್ತಾನೆ. ಹೊತ್ತು ಮೂಡುವಾಗ ಮೊದಲ ಓಣಿಯ ತುದಿಯಲ್ಲಿ ತಾನಾಗಿಯೇ ಬಂದು ನಿಂತಿದ್ದಾನೆ. ಯಲ್ಲಾರಿ ತಡವರಿಸುತ್ತ ತನ್ನ ಕಟ್ಟಳೆ ಹೇಳುವ ಮೊದಲೇ ಆತ ಅವನ ಹೆಗಲ ಮೇಲೆ ಕೈ ಹಾಕುತ್ತಾನೆ.

“ನಡಿಯಪಾ ಯಲ್ಲಾರಿ. ದೇವರು ಎಲ್ಲಾರಿಗೂ ಒಬ್ಬನಽ.”

ಯಲ್ಲಾರಿಯ ಹೆಜ್ಜೆ ತಪ್ಪುತ್ತದೆ. ಮೇಲಿನ ಓಣಿಯಲ್ಲಿ ಅವನ ಹೆಗಲಿನ ಮೇಲೆ ಇನ್ನೊಬ್ಬರ ಕೈ ಬಿದ್ದದ್ದು ಇದೇ ಮೊದಲು. ಅಂಗಡಿಯ ಕಟ್ಟೆಯ ಮೇಲೆ ಕುಳಿತ ಗುರುಲಿಂಗಪ್ಪ ಸಾವಕಾರ ತಕ್ಕಡಿ ಹಿಡಿದುಕೊಂಡೇ ಅರ್ಧ ಏಳುತ್ತಾನೆ. ಹಿಂದೆ ಬರುತ್ತಿರುವ ಉದ್ದಪ್ಪ ಮಾವನ ಕಡೆ ನೋಡಿ ಹುಬ್ಬು ಹಾರಿಸುತ್ತಾನೆ: ಈಗಲಾದರೂ ಸಮಾಧಾನವೇ?

“ಕೇಳ್ರಪ್ಪೋ ಕೇಳ್ರಿ! ಕೊಲ್ಲಾಪುರದ ಕಡೆ ಕಾರಖಾನಿ ಕಟ್ಟಾಕ ಗಟ್ಟಿ ಗಂಡಾಳ ಬೇಕಾಗ್ಯಾರೋ!”

ಎರಡನೆಯ ಓಣಿಯಲ್ಲಿ ಕಾಶೆವ್ವ ಕಸಬರಿಗೆ ಹಿಡಿದೇ ಬಾಗಿಲಿಗೆ ಬರುತ್ತಾಳೆ. “ಯಪ್ಪಾ, ನಮ್ಮ ಮುದುಕ ಕುಂತ ತಿನ್ನತೈತಿ. ಅದಕ್ಕೇನರೆ ಐತೇನು?”

“ಯಾಕಿಲ್ಲ ಆಯಿ? ಅಜ್ಜಗ ಬಾಗಲ ಕಾಯೂ ಕೆಲಸ.”

“ಅದಕ್ಕ ಕಣ್ಣ ಕಾಣೂದಿಲ್ಲಲ್ಲೋ!”

“ರಾತ್ರಿ ಪಾಳಿ ಹಾಕತೀನಿ. ಕತ್ತಲದಾಗ ಎಲ್ಲಾರಿಗೂ ಅಷ್ಟಽ ಕಾಣತೈತಿ.”

ಓಣಿಗೆ ಓಣಿಯೇ ನಗುತ್ತದೆ. ಕಾಶೆವ್ವನೂ ಕಸಬರಿಗೆಯಿಂದ ಬಾಯಿ ಮರೆಮಾಡಿ ನಗುತ್ತಾಳೆ. ಖಾಕಿ ಕೋಟಿನವನು ಯಲ್ಲಾರಿಯ ಹೆಗಲು ತಟ್ಟಿ, “ಇದನ್ನೂ ಸೇರಿಸಿ ಸಾರು,” ಎನ್ನುತ್ತಾನೆ.

ಮೂರನೆಯ ಓಣಿಯಲ್ಲಿ ಲಕ್ಕವ್ವ ಎಂಬಾಕೆ ಹೆಂಗಸರಿಗೇನು ಎನ್ನುತ್ತಾಳೆ. ಅಡುಗೆ ಮಾಡುವ ಕೆಲಸ ಹುಟ್ಟುತ್ತದೆ. ಯಾರೋ ಇರುವುದೆಲ್ಲಿ ಎನ್ನುತ್ತಾರೆ. ಹಂಚಿನ ಮನೆಗಳು ಏಳುತ್ತವೆ. ಇನ್ನೊಬ್ಬರು ಅರಿವೆಯ ಮಾತೆತ್ತಿದ್ದೇ ತಡ, ದೋತ್ರ, ಸೀರೆ, ತಲೆಗೆ ಎಣ್ಣೆ. “ಇದನ್ನೂ ಸಾರು. ಇದನ್ನೂ.” ಯಲ್ಲಾರಿಯ ಕೋಲು ಹಲಗೆಯ ಮೇಲೆ ಎಡವತೊಡಗುತ್ತದೆ. ಸಾರಬೇಕಾದದ್ದು ಈಗ ಒಂದು ಉಸಿರಿಗೆ ಹಿಡಿಯುವುದಿಲ್ಲ.

ಕೊನೆಯ ಓಣಿಯಲ್ಲಿ ಜನ ಸುತ್ತ ನೆರೆದಿದ್ದಾರೆ. ಖಾಕಿ ಕೋಟಿನವನು ದನಿ ತಗ್ಗಿಸುತ್ತಾನೆ. ಹೆಸರು ಹಚ್ಚಬೇಕಾದರೆ ಗುರುತಿಗೆಂದು ಬೆಳ್ಳಿಯದು ಏನಾದರೂ ಅವನ ಕೈಯಲ್ಲಿಡಬೇಕಂತೆ. ಕಾರಖಾನೆ ಮುಟ್ಟಿದ ದಿನವೇ ಹಿಂದಕ್ಕೆ ಕೊಡುತ್ತಾನಂತೆ. ಉದ್ದಪ್ಪನ ಕೈ ದೋತ್ರದ ಒಳಗೆ ಹೋಗುತ್ತದೆ. ಅಲ್ಲಿರುವ ಉಡದಾರ ಮದುವೆಯಲ್ಲಿ ಯಲ್ಲಾರಿಯೇ ಮಾಡಿಸಿ ಕಟ್ಟಿದ್ದು.

ಹಲಗೆ ನಿಲ್ಲುತ್ತದೆ.

“ಮಾತ ಬೆಳದೈತ್ರಿ ಸಾಹೇಬ್ರ,” ಎನ್ನುತ್ತಾನೆ ಯಲ್ಲಾರಿ. ದನಿಯಲ್ಲಿ ಸಿಟ್ಟಿಲ್ಲ, ಒಂದು ಬಗೆಯ ಗಾಬರಿಯಿದೆ. “ಮೊದಲನೇ ಓಣ್ಯಾಗ ಗಂಡಾಳ ಅಷ್ಟಽ ಅಂದಿದ್ದೆ. ಈಗ ಮುದುಕರು, ಹೆಂಗಸರು, ಹಂಚಿನ ಮನಿ, ಎಣ್ಣಿ, ಬೆಳ್ಳಿ. ಹೊಳ್ಳಿ ನಡೀರಿ. ಮೊದಲಿಂದ ಸಾರೂಣು. ಗುರುಲಿಂಗಪ್ಪ ಸಾವಕಾರ್ರೂ ಕೇಳಲಿ.”

“ಅವರಿಗ್ಯಾಕಪಾ? ಅವರು ಕೆಲಸಕ್ಕ ಬರತಾರೇನು?”

“ಕೆಲಸಕ್ಕಲ್ರಿ. ಮಾತಿಗೆ.”

ಉದ್ದಪ್ಪನಿಗೆ ತಡೆಯಲಾಗುವುದಿಲ್ಲ. “ಮತ್ತ ಶುರು ಮಾಡಿದೇನು ಮಾವಾ! ಜೋಡಿ ನಡದಾರಲ್ಲ, ಹೆಗಲ ಮ್ಯಾಲೆ ಕೈ ಹಾಕ್ಯಾರಲ್ಲ! ಇನ್ನೇನ ಬೇಕ ನಿನಗ?”

“ನನಗೇನೂ ತಿಳೀವಲ್ದು, ಉದ್ದಪ್ಪಾ. ಇವರು ಖರೇನೋ ಸುಳ್ಳೋ, ಶಿವನ ಬಲ್ಲ. ಆದ್ರ ಮಾತ ಬೆಳದ ಮ್ಯಾಲೆ ಹೊಳ್ಳಿ ಹೋಗೂದು ನನ್ನ ಕೆಲಸ. ಅಲ್ಲೀತನಾ ನೀ ಆ ಕೈ ಹೊರಗ ತಗಿ.”

ಕೈ ಒಳಗೂ ಹೋಗದೆ ಹೊರಗೂ ಬಾರದೆ ಒಂದು ಗಳಿಗೆ ಹಾಗೇ ಇರುತ್ತದೆ. ಆಮೇಲೆ ಬರಿದಾಗಿ ಹೊರಗೆ ಬರುತ್ತದೆ.

ಖಾಕಿ ಕೋಟಿನವನು ನಗುನಗುತ್ತಲೇ ಯಲ್ಲಾರಿಯ ಹೆಗಲಿನಿಂದ ಕೈ ತೆಗೆಯುತ್ತಾನೆ. “ಆಗಲಿ, ನೀವು ಬಾರಿಸಿಕೋತ ನಡೀರಿ. ಮಠದಾಗ ಕೊಡಿ ಬಿಟ್ಟ ಬಂದೀನಿ, ತಗೊಂಡ ಬರತೀನಿ.” ಓಡುವುದಿಲ್ಲ. ಎದುರು ಬಂದವರಿಗೆ ಕೈ ಮುಗಿಯುತ್ತ, ನಿಧಾನವಾಗಿ ಹೋಗುತ್ತಾನೆ.

ಮೊದಲ ಓಣಿಯಲ್ಲಿ ಊರು ಕಾಯುತ್ತದೆ. ಬಿಸಿಲು ಕಟ್ಟೆಯ ಬುಡದಿಂದ ಕಟ್ಟೆಯ ಮೇಲಕ್ಕೆ ಏರುತ್ತದೆ. ಆತ ಬರುವುದಿಲ್ಲ. ಮಠಕ್ಕೆ ಹೋಗಿ ನೋಡಿದವರು, ಅಲ್ಲಿ ಯಾವ ಕೊಡೆಯೂ ಇರಲಿಲ್ಲ ಎನ್ನುತ್ತಾರೆ.

ಆದರೂ ಆತ ಮೋಸಗಾರನೆಂದು ಎದೆತಟ್ಟಿ ಹೇಳುವ ಧೈರ್ಯ ಎಲ್ಲರಿಗೂ ಇಲ್ಲ. “ಪಾಪ, ಮಾತಿನ ಮನಷ್ಯಾ ಇದ್ದ. ಸಿಟ್ಟ ಬಂದ ಹೋಗಿದ್ದರ? ನಮ್ಮ ಮುದುಕನ ನೌಕರಿ ಅಂತೂ ಹೋತು,” ಎನ್ನುತ್ತಾಳೆ ಕಾಶೆವ್ವ, ಅರ್ಧ ನಗೆಯಲ್ಲಿ, ಅರ್ಧ ಮರುಕದಲ್ಲಿ. ಗೋಡೆಗೆ ಒರಗಿ ನಿಂತ ಲಗಮಪ್ಪ ಹೇಳುತ್ತಾನೆ:

“ನಮಗೂ ಹಿಂಗಽ ಆಗಿತ್ತು, ಆಯಿ. ಊರ ಬಿಡೂವಾಗ ಮೂಟಿ ಹೊರೂ ಕೆಲಸ ಅಂದ. ಹೊಳಿ ಮುಟ್ಟೂದ್ರಾಗ ನನ್ನ ಹಡಗದ ಕಾರಕೂನ ಮಾಡಿದ್ದ. ನನಗ ಸಹಿ ಮಾಡಾಕ ಬರೂದಿಲ್ಲ ಅಂತ ಅವಗ ಹೇಳಾಕ ನನಗ ನಾಚಿಗಿ ಬಂತು. ಎಲ್ಲೆ ಕೆಲಸ ತಪ್ಪತೈತೋ ಅಂತ.”

ಈ ಸಲ ಯಾರೂ ನಗುವುದಿಲ್ಲ. ನಿಜವಾದ ಕೆಲಸ ಎಲ್ಲ ಓಣಿಯಲ್ಲೂ ಅಷ್ಟೇ ಇರುತ್ತದೆ. ಕೇಳಿದವರ ಆಸೆ ನೋಡಿ ಅದು ದೊಡ್ಡದಾಗುವುದಿಲ್ಲ. ಹುಕ್ಕೇರಿಯ ಮುಕಾದಮ ಹೇಳಿದ್ದು ಬಿಸಿಲು, ಬುತ್ತಿ, ಶನಿವಾರ, ಅಷ್ಟೇ. ಉದ್ದಪ್ಪನಿಗೂ ಅದು ನೆನಪಾಗಿರಬೇಕು. ಮನೆಗೆ ಹೋಗಿ, ಸೋಮವಾರಕ್ಕೆ ಬುತ್ತಿ ಕಟ್ಟೆಂದು ಕರೆವ್ವನಿಗೆ ಹೇಳಿದ್ದಾನೆ. ಮೇಲವಂಕಿಯ ಮಾಳಪ್ಪನ ಜೋಡಿ ಹುಕ್ಕೇರಿಗೆ ಹೋಗುತ್ತಾನಂತೆ. ಆಳು ಸಾಕಾಗಿದ್ದರೆ ತಿರುಗಿ ಬರುತ್ತಾನಂತೆ.

ಯಲ್ಲಾರಿ ಗುರುಲಿಂಗಪ್ಪನ ಕಟ್ಟೆಯ ಕೆಳಗೆ, ನೆರಳಿನ ಅಂಚಿನಲ್ಲಿ ನಿಂತಿದ್ದಾನೆ. ಹಲಗೆಯ ಚರ್ಮ ಬಿಸಿಲಿಗೆ ತಾನೇ ಬಿಗಿದುಕೊಂಡಿದೆ. ಜೋಡಿ ನಡೆಯುವ ಕಟ್ಟಳೆಯನ್ನು ಇನ್ನು ಬಿಟ್ಟುಬಿಡುತ್ತೀಯಾ ಎಂದು ಕೇಳಿದರೆ, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾನೆ.

“ತಿಳೀವಲ್ದರಿ. ಹೆಗಲ ಮ್ಯಾಲೆ ಕೈ ಇಟ್ಟಾಂವ ಹೊಳ್ಳಿ ಬರಲಿಲ್ಲ. ಮಾರಿ ತಿರುವಿ ಹೋದಾಂವ ಶನಿವಾರಕ್ಕ ಶನಿವಾರ ಪಗಾರ ಕೊಡಾಕತ್ತಾನ. ಇದನ್ನ ನಾ ಯಾವ ಓಣ್ಯಾಗ ಹೆಂಗ ಸಾರಲಿ?”

ಕಟ್ಟೆಯ ಮೇಲೆ ಗುರುಲಿಂಗಪ್ಪ ತಕ್ಕಡಿಯ ಬರಿಯ ತಟ್ಟೆಯನ್ನು ಒರೆಸುತ್ತಾನೆ, ಮತ್ತೆ ಒರೆಸುತ್ತಾನೆ. ಯಲ್ಲಾರಿ ಬಲಗೈಯಿಂದ ಎಡ ಹೆಗಲನ್ನು ಒಮ್ಮೆ ಸವರಿಕೊಳ್ಳುತ್ತಾನೆ.

“ಬಿಡೂದಿಲ್ರಿ. ನನಗ ಒಂದಽ ಆಸೆ ಐತಿ. ಖರೇ ಕೆಲಸ ತಂದಾಂವ, ಒಬ್ಬಾಂವರೆ, ನನ್ನ ಜೋಡಿ ಈ ಊರ ಸುತ್ತಬೇಕು. ಅವತ್ತ ಹಲಗಿ ಇನ್ನೊಂದೀಟ ಬಿಗಿ ಕಾಸತೀನಿ.”